ಕೊಣಾಜೆ: ಊರು ಬೆಳೆಯಿತು, ಬಾವಿಯ ಗತಿ ಏನು?

ಹೆಸರಿಗೆ ಹಳ್ಳಿ, ಸಂಜೆ ಹೊತ್ತಿಗೆ ಬಂದು ನೋಡಿದರೆ ಥೇಟ್ ಪೇಟೆ. ಇದು ಇವತ್ತಿನ ಕೊಣಾಜೆ. ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿದ್ದ ಇಲ್ಲಿನ ಮಂಗಳಗಂಗೋತ್ರಿ 1980ರಲ್ಲಿ ಮಂಗಳೂರು ವಿವಿ ಆಯಿತು. ಆಮೇಲೆ ಪಕ್ಕದ ದೇರಳಕಟ್ಟೆಗೆ ಮೆಡಿಕಲ್ ಕಾಲೇಜುಗಳು, ಮುಡಿಪು ಕಡೆಗೆ ಇನ್ಫೋಸಿಸ್ ಬಂತು. ಗೇರು ಬೆಳೆಯುತ್ತಿದ್ದ ಗುಡ್ಡೆಗಳಲ್ಲಿ ಈಗ ಬಾಡಿಗೆ ಮನೆ, ಪಿಜಿ, ಹೋಟೆಲುಗಳು.

ಬೆಳೆದದ್ದು ಒಳ್ಳೆಯದೇ. ಆದರೆ ನೆಲ ಮಾತ್ರ ಅದೇ ಮುರಕಲ್ಲಿನದ್ದು. ಮುರಕಲ್ಲು ನೀರನ್ನು ಬೇಗ ಇಂಗಿಸುತ್ತದೆ, ಅಷ್ಟೇ ಬೇಗ ಬಿಟ್ಟೂ ಬಿಡುತ್ತದೆ. ಅದಕ್ಕೇ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿದರೂ ಏಪ್ರಿಲ್-ಮೇಯಲ್ಲಿ ಗುಡ್ಡೆ ಮೇಲಿನ ಬಾವಿಗಳ ತಳ ಕಾಣುವುದು. ಶೌಚಗುಂಡಿಯ ನೀರು ಬಾವಿ ಸೇರುವುದೂ ಇದೇ ದಾರಿಯಲ್ಲಿ. ಐದು ಸೆಂಟ್ಸ್ ಜಾಗದಲ್ಲಿ ಬಾವಿ, ಗುಂಡಿ ಎರಡೂ ಇದ್ದರೆ ದೂರ ಬಿಡುವುದಾದರೂ ಎಲ್ಲಿ?

ಜನಗಣತಿ ಪ್ರಕಾರ 5,000 ಜನ, ಚದರ ಕಿ.ಮೀ.ಗೆ 400 ಸಾಂದ್ರತೆ, ದುಡಿಯುವ ಗಂಡಸರಲ್ಲಿ 75 ಶೇಕಡಾ ಕೃಷಿಯೇತರ ಕೆಲಸದಲ್ಲಿದ್ದರೆ ಅದು ಪಟ್ಟಣ. ಆದರೆ ಪಟ್ಟಣ ಪಂಚಾಯತ್ ಆಗಲು ಸರ್ಕಾರದ ಅಧಿಸೂಚನೆ ಬೇಕು. ಆದರೆ ಉದ್ಯೋಗ ಖಾತರಿ ಹೋಗುತ್ತದೆ, ತೆರಿಗೆ ಏರುತ್ತದೆ ಅಂತ ಊರವರಿಗೆ ಅಳುಕು. ಅದು ಸುಳ್ಳೂ ಅಲ್ಲ.

ಬೋರ್ಡು ಬದಲಾಗುವ ತನಕ ಕಾಯಬೇಕೆಂದೇನಿಲ್ಲ. ಕಟ್ಟಡಕ್ಕೆ ಲೈಸೆನ್ಸ್ ಕೊಡುವಾಗ ಗುಂಡಿ ಎಲ್ಲಿ, ನೆರೆಮನೆಯ ಬಾವಿ ಎಲ್ಲಿ ಅಂತ ಪಂಚಾಯತ್ ಸ್ಥಳಕ್ಕೆ ಬಂದು ನೋಡಲಿ. ಮಾಡಿನ ನೀರು ಬಾವಿಗೆ ಇಳಿಯಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳುವವರು ಯಾರು?