ಬಡಿಸುವ ಕೈ, ತೊಳೆಯುವ ಕೈ

ಕೊಲ್ಲೂರಿನ ಶ್ರೀ ಮೂಕಾಂಬಿಕೆಯ ಸನ್ನಿಧಿಗೂ ವೀರಶೈವರಾದ ಕೆಳದಿಯ ಅರಸರಿಗೂ ಇದ್ದ ನಂಟು ಪ್ರಸಿದ್ಧವಾದುದು. ಅಲ್ಲಿ ಪ್ರಸಾದದ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವ ಕೈ ಮಾತ್ರ ಕಾಣುತ್ತದೆ. ಅಕ್ಕಿ ತೊಳೆದ ಕೈ, ಕೊಪ್ಪರಿಗೆ ಉಜ್ಜಿದ ಕೈ ಕಾಣುವುದಿಲ್ಲ. ಅವನ್ನು ಬಲ್ಲವರು ಜೊತೆಗೆ ದುಡಿದವರು ಮಾತ್ರ.

ಇದೇ ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ 1980ರ ದಶಕದಲ್ಲಿಯೇ ಹೋಟೆಲ್ ಆಡಳಿತದ ಶಿಕ್ಷಣ ಆರಂಭವಾಯಿತು. ನಮ್ಮ ಮನೆಗಳ ಮಕ್ಕಳೂ ಇಂದು ಈ ವಿದ್ಯೆಯನ್ನು ಆರಿಸಿಕೊಳ್ಳುತ್ತಿದ್ದಾರೆ. ಅತಿಥಿಸತ್ಕಾರವು ಒಬ್ಬರಿಂದಾಗುವ ಕೆಲಸವಲ್ಲ. ಆದುದರಿಂದ ತಂಡವಾಗಿ ಅಡುಗೆ ಮಾಡಿ, ಔತಣ ನಡೆಸಿ ಅಂಕ ಪಡೆಯುವುದು ಈ ವಿದ್ಯೆಯ ಅಂಗ. ಒಬ್ಬನು ಬೆವರು ಸುರಿಸಿ, ಇನ್ನೊಬ್ಬನು ಅಧ್ಯಾಪಕರೆದುರು ಮಾತನಾಡಿ, ಇಬ್ಬರಿಗೂ ಸಮನಾದ ಅಂಕ ಬಂದರೆ ಅದು ನ್ಯಾಯವೇ?

ಇದಕ್ಕೆ ಪರಿಹಾರವಾಗಿ ಹಲವು ದೇಶಗಳ ವಿದ್ಯಾಲಯಗಳಲ್ಲಿ ಸಹಪಾಠಿಗಳಿಂದಲೇ ಮೌಲ್ಯಮಾಪನ ಮಾಡಿಸುವ ಪದ್ಧತಿ ರೂಢಿಗೆ ಬಂದಿದೆ. ಅಧ್ಯಾಪಕರು ತಂಡಕ್ಕೆ 64 ಅಂಕ ಕೊಟ್ಟರೆಂದು ಭಾವಿಸೋಣ. ತಂಡದ ನಾಲ್ವರೂ ತಮ್ಮನ್ನು ಬಿಟ್ಟು ಉಳಿದವರ ದುಡಿಮೆಗೆ ಹತ್ತರಲ್ಲಿ ಇಷ್ಟೆಂದು ಗುಟ್ಟಾಗಿ ಬರೆದುಕೊಡುತ್ತಾರೆ. ತಂಡದ ಸರಾಸರಿ 8 ಆಗಿದ್ದು, ಒಬ್ಬನ ಸರಾಸರಿ 9 ಆದರೆ, ಆ ಪ್ರಮಾಣದಲ್ಲಿ ಅವನ ಅಂಕ 72ಕ್ಕೆ ಏರುತ್ತದೆ. 6 ಬಂದವನದು 48ಕ್ಕೆ ಇಳಿಯುತ್ತದೆ.

ಸ್ನೇಹ, ಮತ್ಸರ, ಜಾತಿಯ ಅಭಿಮಾನ ನುಸುಳಿದರೆ ಈ ತಕ್ಕಡಿಯೂ ವಾಲುತ್ತದೆ. ಆದ್ದರಿಂದ ಏನನ್ನು ಅಳೆಯಬೇಕೆಂದು ಮೊದಲೇ ತಿಳಿಸಬೇಕು. ಕೊಟ್ಟ ಅಂಕಕ್ಕೆ ಕಾರಣ ಬರೆಸಬೇಕು. ಕೊನೆಯ ತೀರ್ಮಾನ ಗುರುವಿನದೇ ಆಗಿರಬೇಕು.

ಶರಣರಿಗೆ ಇದು ಹೊಸದಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರಲು ಹೇಳಿದರು. ಕಾಯಕದ ಜೊತೆಗಾತಿಯೇ ಮಾಡಿದ ಮೌಲ್ಯಮಾಪನವದು. ಅದರಲ್ಲಿ ದ್ವೇಷವಿರಲಿಲ್ಲ, ದಾಕ್ಷಿಣ್ಯವೂ ಇರಲಿಲ್ಲ.

ನಾವು ಮಠದಲ್ಲಿ ಓದುತ್ತಿದ್ದಾಗ ಪಾತ್ರೆ ತೊಳೆಯುವ ಸರದಿಯನ್ನು ತಪ್ಪಿಸಿಕೊಂಡು ಬಡಿಸಲು ಮುಂದೆ ನಿಲ್ಲುತ್ತಿದ್ದೆವು. ಹೊಗಳಿಕೆ ನಮಗೇ ದೊರೆಯುತ್ತಿತ್ತು. ನಮ್ಮ ಪಾಲಿನ ಪಾತ್ರೆಗಳನ್ನೂ ತೊಳೆದ ಗೆಳೆಯನು ಬಾಯಿ ಬಿಡಲಿಲ್ಲ. ಅವನನ್ನು ಯಾರೂ ಕೇಳಲೂ ಇಲ್ಲ. ಕೇಳಿದ್ದರೆ ನಮಗೆ ಅಂದೇ ಬುದ್ಧಿ ಬರುತ್ತಿತ್ತು.

ತಾಯಂದಿರೇ, ಮಹನೀಯರೇ, ಮನೆಯಲ್ಲಿ ದಾಸೋಹ ಮುಗಿದ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು, ಇಂದು ಹೆಚ್ಚು ದುಡಿದವರು ಯಾರೆಂದು ಕೇಳಿರಿ. ತನ್ನ ಹೆಸರನ್ನು ಬಿಟ್ಟು ಹೇಳಬೇಕೆಂಬುದೊಂದೇ ನಿಯಮವಿರಲಿ. ಇನ್ನೊಬ್ಬರ ಕಾಯಕವನ್ನು ಕಾಣಬಲ್ಲ ಕಣ್ಣು ಮನೆಯಲ್ಲಿಯೇ ತೆರೆಯಬೇಕು.