ಊಟದ ಹೊತ್ತೂ ಔಷಧದ ಅಳತೆಯೇ

ಕಳೆದ ವರ್ಷ ನಮ್ಮ ಹಳ್ಳಿಖೇಡ (ಬಿ)ಯ ವಿದ್ಯಾರ್ಥಿಯೊಬ್ಬನು ತರಗತಿ ಮುಗಿದ ಮೇಲೆ ನನ್ನ ಬಳಿಗೆ ಬಂದು, ಔಷಧದ ಖಾಲಿ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟನು. ಅವನ ದೊಡ್ಡಪ್ಪನಿಗೆ ರಕ್ತದ ಕ್ಯಾನ್ಸರು. ಮೊದಲು ಕೊಟ್ಟಿದ್ದ ಇಮಾಟಿನಿಬ್ ಎಂಬ ಗುಳಿಗೆಯನ್ನು ಊಟದೊಡನೆ ನುಂಗಬೇಕೆಂದು ಹೇಳಿದ್ದರು. ಕೆಲವು ವರ್ಷ ಹಾಗೆಯೇ ನಡೆಯಿತು. ಈಗ ವೈದ್ಯರು ಅದನ್ನು ಬಿಡಿಸಿ ನಿಲೋಟಿನಿಬ್ ಎಂಬುದನ್ನು ಕೊಟ್ಟಿದ್ದಾರೆ. ಹಿರಿಯರು ಹಳೆಯ ರೂಢಿಯಂತೆ ಇದನ್ನೂ ಊಟವಾದೊಡನೆ ತೆಗೆದುಕೊಳ್ಳುತ್ತಿದ್ದರು. “ಇಂಗ್ಲಿಷಿನಲ್ಲಿ ಬರಿಹೊಟ್ಟೆಯಲ್ಲಿ ಎಂದು ಬರೆದಂತಿದೆ, ನೋಡಿ ಸರ್” ಎಂದನು ಹುಡುಗ. ಹಾಗೆಯೇ ಬರೆದಿದ್ದಿತು. ಅಂದೇ ಸಂಜೆ ವೈದ್ಯರಿಗೆ ದೂರವಾಣಿ ಮಾಡಿಸಿದೆವು.

ನಾನು ಭೌತಶಾಸ್ತ್ರದ ಅಧ್ಯಾಪಕನು, ವೈದ್ಯನಲ್ಲ. ಆದರೂ ಈ ಸಂಗತಿಯಲ್ಲಿ ನನ್ನ ಶಾಸ್ತ್ರಕ್ಕೆ ಸೇರಿದ ಒಂದು ಅಂಶವಿದೆ. ಗುಳಿಗೆಯನ್ನು ಯಾವಾಗ, ಯಾವುದರೊಡನೆ ನುಂಗಬೇಕೆಂಬುದು ಪಥ್ಯದ ಉಪದೇಶವಲ್ಲ, ಅದು ಔಷಧದ ಅಳತೆಯ ಒಂದು ಭಾಗವೇ ಆಗಿದೆ ಎಂಬುದು ನನ್ನ ಅಭಿಪ್ರಾಯ.

ಈ ಔಷಧಗಳ ಹಿನ್ನೆಲೆಯನ್ನು ತುಸು ತಿಳಿಯೋಣ. ೧೯೬೦ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬಿಬ್ಬರು, ಒಂದು ಬಗೆಯ ರಕ್ತದ ಕ್ಯಾನ್ಸರಿನ ರೋಗಿಗಳ ಜೀವಕೋಶಗಳಲ್ಲಿ ಅಸಹಜವಾಗಿ ಚಿಕ್ಕದಾದ ಕ್ರೋಮೊಸೋಮೊಂದನ್ನು ಕಂಡರು. ೯ನೆಯ ಮತ್ತು ೨೨ನೆಯ ಕ್ರೋಮೊಸೋಮುಗಳು ತಂತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡುದೇ ಇದಕ್ಕೆ ಕಾರಣವೆಂದು ೧೯೭೩ರಲ್ಲಿ ಜಾನೆಟ್ ರೌಲಿ ತೋರಿಸಿಕೊಟ್ಟರು. ಈ ಬೆಸುಗೆಯಿಂದ ಹುಟ್ಟುವ ಪ್ರೋಟೀನು, ಆರಿಸಲಾಗದ ಗುಂಡಿಯಂತೆ, ಬೆಳೆಯಿರಿ ಬೆಳೆಯಿರಿ ಎಂದು ಕೋಶಗಳಿಗೆ ಸದಾ ಆಜ್ಞೆಯೀಯುತ್ತಿರುತ್ತದೆ. ಆ ಪ್ರೋಟೀನನ್ನೇ ಗುರಿಯಾಗಿಟ್ಟು ತಡೆಯುವ ಇಮಾಟಿನಿಬ್ ೨೦೦೧ರಲ್ಲಿ ಬಳಕೆಗೆ ಬಂದಿತು. ಇದು ಮನೆಯಲ್ಲಿಯೇ ನುಂಗುವ ಗುಳಿಗೆ. ಸೋಲಾಪುರಕ್ಕೋ ಹೈದರಾಬಾದಿಗೋ ಅಲೆದಾಡುವ ನಮ್ಮ ಕಡೆಯವರಿಗೆ ಇದೊಂದು ದೊಡ್ಡ ಅನುಕೂಲವೇ ಸರಿ. ಆದರೆ ಆಸ್ಪತ್ರೆಯಲ್ಲಿ ದಾದಿಯು ನೋಡಿಕೊಳ್ಳುತ್ತಿದ್ದ ಹೊಣೆ ಈಗ ಅಡುಗೆಮನೆಗೆ ಬಂದಿದೆ.

ತೊಟ್ಟಿಯೊಂದಕ್ಕೆ ಮೇಲಿನಿಂದ ನೀರು ಬೀಳುತ್ತಿದೆ, ಕೆಳಗೆ ತೂಬು ತೆರೆದಿದೆ ಎಂದು ಭಾವಿಸಿರಿ. ಬರುವ ನೀರೂ ಹೋಗುವ ನೀರೂ ಸಮನಾಗುವ ಎತ್ತರದಲ್ಲಿ ಮಟ್ಟ ನಿಲ್ಲುತ್ತದೆ. ರಕ್ತದಲ್ಲಿ ಔಷಧದ ಮಟ್ಟವೂ ಹೀಗೆಯೇ. ಡಬ್ಬಿಯ ಮೇಲೆ ಅಚ್ಚಾಗಿರುವ ಮಿಲಿಗ್ರಾಮುಗಳು ಬಾಯಿಗೆ ಹಾಕಿಕೊಂಡ ತೂಕವೇ ಹೊರತು ರಕ್ತಕ್ಕೆ ಸೇರಿದ ತೂಕವಲ್ಲ. ಮೇಲಿನ ನಲ್ಲಿಯನ್ನು ಜಠರವೂ ಕರುಳೂ ತಿರುಗಿಸುತ್ತವೆ. ಕೆಳಗಿನ ತೂಬು ಬಹುಮಟ್ಟಿಗೆ ಯಕೃತ್ತಿನ ವಶದಲ್ಲಿದೆ.

ಮೇಲಿನ ನಲ್ಲಿಯನ್ನು ಮೊದಲು ನೋಡೋಣ. ಇಮಾಟಿನಿಬ್ ಹೊಟ್ಟೆಯನ್ನು ಕೆರಳಿಸುವುದರಿಂದ ಅದನ್ನು ಊಟದೊಡನೆ, ದೊಡ್ಡ ಲೋಟದ ತುಂಬ ನೀರಿನೊಂದಿಗೆ ತೆಗೆದುಕೊಳ್ಳಬೇಕು. ಅದೇ ರೋಗಕ್ಕೆ ಕೊಡುವ ನಿಲೋಟಿನಿಬ್ ಕ್ಯಾಪ್ಸೂಲಿಗೆ ನಿಯಮ ತಿರುಗುಮುರುಗು: ಅದಕ್ಕೆ ಮುಂಚೆ ಎರಡು ಗಂಟೆ, ಆಮೇಲೆ ಒಂದು ಗಂಟೆ ಏನನ್ನೂ ತಿನ್ನಬಾರದು. ಜಿಡ್ಡಿನ ಊಟವಾದ ಅರ್ಧ ಗಂಟೆಗೆ ನುಂಗಿದರೆ ರಕ್ತಕ್ಕೆ ಸೇರುವ ಔಷಧ ಶೇಕಡ ೮೨ರಷ್ಟು ಹೆಚ್ಚುವುದೆಂದು ಅಳೆದು ನೋಡಿದ್ದಾರೆ. ಹೆಚ್ಚಾದರೆ ಒಳ್ಳೆಯದೇ ಅಲ್ಲವೆ ಎನ್ನಬೇಡಿರಿ. ಪ್ರತಿ ಬಡಿತದ ನಂತರ ಹೃದಯದ ವಿದ್ಯುತ್ ಸ್ಥಿತಿಯು ಮೊದಲಿನಂತಾಗಲು ಬೇಕಾಗುವ ಅವಧಿಯನ್ನು ಈ ಔಷಧವು ಉದ್ದ ಮಾಡಬಲ್ಲದು. ಮಿತಿಮೀರಿದರೆ ಬಡಿತದ ಲಯವೇ ಕೆಟ್ಟು ಪ್ರಾಣಕ್ಕೆ ಅಪಾಯ ಬರಬಹುದು. ಹುಮನಾಬಾದಿನ ಜಾತ್ರೆಯ ದಿನ ಗೋದಿಹುಗ್ಗಿಗೆ ತುಪ್ಪ ಸುರಿದುಕೊಂಡು ಉಂಡು, ಮರೆಯದೆ ಗುಳಿಗೆಯನ್ನೂ ನುಂಗಿದವರು ತಾವು ಶಿಸ್ತಿನ ರೋಗಿಗಳೆಂದೇ ನಂಬಿರುತ್ತಾರೆ!

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಎರ್ಲೋಟಿನಿಬ್ ಚೆನ್ನಾಗಿ ಕರಗಲು ಜಠರದಲ್ಲಿ ಆಮ್ಲವಿರಬೇಕು. ನಮ್ಮ ಜನರು ಗ್ಯಾಸಿನ ಗುಳಿಗೆಯೆಂದು ಕರೆಯುವ ಒಮೆಪ್ರಜೋಲನ್ನು ಜೊತೆಯಲ್ಲಿ ತೆಗೆದುಕೊಂಡರೆ ಔಷಧದ ಸುಮಾರು ಅರ್ಧಭಾಗ ರಕ್ತಕ್ಕೆ ಸೇರುವುದೇ ಇಲ್ಲ. ಈ ಗುಳಿಗೆಗಳನ್ನು ಯಾರನ್ನೂ ಕೇಳದೆ ಅಂಗಡಿಯಿಂದ ತಂದು ನುಂಗುವ ಚಟ ನಮ್ಮಲ್ಲಿ ಮನೆಮನೆಗೂ ಹಬ್ಬಿದೆ.

ಇನ್ನು ಕೆಳಗಿನ ತೂಬು. ೧೯೮೯ರಲ್ಲಿ ಕೆನಡದ ಡೇವಿಡ್ ಬೈಲಿ ಮತ್ತು ಸಂಗಡಿಗರು ರಕ್ತದ ಒತ್ತಡದ ಔಷಧವೊಂದನ್ನು ಮದ್ಯಸಾರದೊಡನೆ ಪರೀಕ್ಷಿಸುತ್ತ, ಮದ್ಯಸಾರದ ರುಚಿಯನ್ನು ಮರೆಮಾಡಲು ಗ್ರೇಪ್‌ಫ್ರೂಟ್ ಹಣ್ಣಿನ ರಸವನ್ನು ಬೆರೆಸಿದ್ದರು. ಔಷಧದ ಮಟ್ಟ ನಿರೀಕ್ಷೆಯನ್ನು ಮೀರಿ ಏರಿತು. ಕಾರಣ ಮದ್ಯಸಾರವಲ್ಲ, ಹಣ್ಣಿನ ರಸ! ಕರುಳಿನಲ್ಲಿಯೂ ಯಕೃತ್ತಿನಲ್ಲಿಯೂ ಔಷಧಗಳನ್ನು ಒಡೆಯುವ ಒಂದು ಎನ್‌ಜೈಮು ಇದೆ. ಹಣ್ಣಿನಲ್ಲಿರುವ ಕೆಲವು ವಸ್ತುಗಳು ಕರುಳಿನಲ್ಲಿ ಅದನ್ನು ಕೆಡಿಸಿಬಿಡುತ್ತವೆ. ಇಮಾಟಿನಿಬ್, ನಿಲೋಟಿನಿಬ್‌ಗಳನ್ನು ಒಡೆಯುವುದೂ ಇದೇ ಎನ್‌ಜೈಮು. ಗ್ರೇಪ್‌ಫ್ರೂಟ್ ನಮ್ಮಲ್ಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಚಕ್ಕೋತವೂ ಕಿತ್ತಳೆಯೂ ಕೂಡಿ ಹುಟ್ಟಿದ ಹಣ್ಣದು. ದೇವನಹಳ್ಳಿಯ ಹೆಸರಾಂತ ಚಕ್ಕೋತವು ಅದರ ಹಿರಿಯ ಬಳಗದ್ದೇ, ಅಂಥ ವಸ್ತುಗಳು ಚಕ್ಕೋತದಲ್ಲಿಯೂ ಇವೆ.

ನಮ್ಮ ನಾಡಿನ ಮಟ್ಟಿಗೆ ಹಣ್ಣಿಗಿಂತಲೂ ಗಂಭೀರವಾದ ಪ್ರಶ್ನೆ ಕ್ಷಯದ್ದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಈ ಎನ್‌ಜೈಮನ್ನು ಹೆಚ್ಚಿಸಿ ತೂಬನ್ನು ಅಗಲವಾಗಿ ತೆರೆಯುತ್ತದೆ. ರಕ್ತದಲ್ಲಿ ಇಮಾಟಿನಿಬ್ ಕಾಲುಭಾಗಕ್ಕೆ ಇಳಿಯುವುದುಂಟು. ಎರಡು ರೋಗಕ್ಕೆ ಎರಡು ಆಸ್ಪತ್ರೆ, ಎರಡು ಚೀಟಿ. ಒಂದು ಚೀಟಿಯನ್ನು ಬರೆದವರಿಗೆ ಇನ್ನೊಂದನ್ನು ತೋರಿಸದಿದ್ದರೆ, ರೋಗಿ ಪ್ರತಿದಿನವೂ ತಪ್ಪದೆ ಗುಳಿಗೆ ನುಂಗುತ್ತಿದ್ದರೂ ಕ್ಯಾನ್ಸರು ತಲೆಯೆತ್ತಬಹುದು. ಆಗ ಔಷಧವೇ ಸೋತಿತೆಂದು ಎಲ್ಲರೂ ಹೇಳುವರು.

ತಪ್ಪನ್ನು ರೋಗಿಯ ಮೇಲೆ ಹೊರಿಸುವುದು ಸುಲಭ. ಆದರೆ ಡಬ್ಬಿಯಲ್ಲಿ ಮಡಿಸಿಟ್ಟ ಕಾಗದ ಸೂಕ್ಷ್ಮಾಕ್ಷರದ ಇಂಗ್ಲಿಷಿನಲ್ಲಿರುತ್ತದೆ. ಜೋಳದ ರೊಟ್ಟಿ ತಟ್ಟುವ ತಾಯಿ ಅದನ್ನು ಹೇಗೆ ಓದಬೇಕು? ಇಂಥ ಗುಳಿಗೆಯನ್ನು ಕೊಡುವವರು “ಬರಿಹೊಟ್ಟೆ” ಅಥವಾ “ಊಟದೊಡನೆ” ಎಂಬ ಒಂದು ಮಾತನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಡಬ್ಬಿಯ ಮೇಲೆ ಬರೆದೇ ಕೊಡಬೇಕು. ಖರ್ಚೇನೂ ಇಲ್ಲ. ಅಷ್ಟಾಗುವವರೆಗೆ ಈ ಕೆಲಸ ವಿದ್ಯಾರ್ಥಿಗಳಾದ ನಿಮ್ಮ ಪಾಲಿನದು. ಡಬ್ಬಿಯನ್ನು ಓದಿರಿ, ಮನೆಯಲ್ಲಿ ನುಂಗುವ ಎಲ್ಲ ಗುಳಿಗೆಗಳನ್ನೂ, ನಾಟಿ ಔಷಧಗಳನ್ನೂ ಒಂದೇ ಹಾಳೆಯಲ್ಲಿ ಬರೆದು ವೈದ್ಯರ ಮುಂದಿಡಿರಿ. ನೀವಾಗಿ ಮಾತ್ರ ಯಾವುದನ್ನೂ ನಿಲ್ಲಿಸಬೇಡಿರಿ, ಬದಲಿಸಬೇಡಿರಿ.

ಆ ಹುಡುಗನ ದೊಡ್ಡಪ್ಪನು ಈಗ ಬೆಳಗಿನ ಐದಕ್ಕೆ ಎದ್ದು ಗುಳಿಗೆ ನುಂಗಿ, ಆರು ಹೊಡೆದ ಮೇಲೆಯೇ ಚಹಾ ಕೇಳುತ್ತಾರಂತೆ. ಸಂಜೆಯ ಗುಳಿಗೆಯೂ ಐದಕ್ಕೇ. ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಎರಡು ಹೊತ್ತನ್ನೂ ಬರೆದಿಟ್ಟಿದ್ದಾನೆ.