ನೋವು ನಿಂತ ಮೇಲೆ ಹೇಳಬೇಕಾದ ಮಾತು

ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಬೆಳಗಿನ ಹೊತ್ತು ಹೋದವರು ಒಂದು ಸಂಗತಿಯನ್ನು ಗಮನಿಸಿರಬಹುದು. 1927ರಲ್ಲಿ ಕಟ್ಟಿದ ಆ ಹಳೆಯ ಕಟ್ಟಡದ ಒಳಗೂ ಹೊರಗೂ ಕುಳಿತ ವ್ಯಾಪಾರಿಗಳು ಒಬ್ಬ ಗಿರಾಕಿಯೊಡನೆ ಕನ್ನಡದಲ್ಲಿ, ಮತ್ತೊಬ್ಬರೊಡನೆ ತಮಿಳಿನಲ್ಲಿ, ಮೂರನೆಯವರೊಡನೆ ದಖನಿ ಉರ್ದುವಿನಲ್ಲಿ ಮಾತನಾಡುತ್ತಾರೆ. ಅರ್ಧ ಕಿಲೋ ಹುರುಳಿಕಾಯಿ ಮಾರುವುದಕ್ಕೆ ಇಷ್ಟು ಶ್ರಮ! ಆ ಮಾರುಕಟ್ಟೆಯ ಸಮೀಪದಲ್ಲಿಯೇ ಮೂರು ದಶಕಗಳಿಂದ ಚಿಕಿತ್ಸಾಲಯ ನಡೆಸುತ್ತಿರುವ ನನಗೆ, ವೈದ್ಯರಾದ ನಾವು, ಅದರಲ್ಲಿಯೂ ದಂತವೈದ್ಯರು, ರೋಗಿಯೊಡನೆ ಆಡುವ ಮಾತಿಗೆ ಇದರ ಕಾಲುಭಾಗದಷ್ಟಾದರೂ ಶ್ರಮ ವಹಿಸುತ್ತೇವೆಯೇ ಎಂಬ ಪ್ರಶ್ನೆ ಬಹುಕಾಲದಿಂದ ಕಾಡುತ್ತಿದೆ.

ಕೆಲವು ವರ್ಷಗಳ ಹಿಂದೆ ಅಲ್ಲಿಯ ಬಾಳೆಹಣ್ಣಿನ ವ್ಯಾಪಾರಿಯೊಬ್ಬರು ಕೆಳದವಡೆಯ ಹಲ್ಲುನೋವಿನಿಂದ ನನ್ನಲ್ಲಿಗೆ ಬಂದರು. ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನಿಟ್ಟು, ಹಲ್ಲಿನ ಡಾಕ್ಟರಿಗೆ ತೋರಿಸಿ ಎಂದಷ್ಟೇ ಹೇಳಿ ಕಳುಹಿಸಿದೆ. ಏಕೆ ತೋರಿಸಬೇಕೆಂದು ಹೇಳಲಿಲ್ಲ. ನೋವು ಮರುಕಳಿಸಿದಾಗ ಅವರು ಒಂದು ದಂತ ಚಿಕಿತ್ಸಾಲಯಕ್ಕೆ ಹೋದರು. ಅಲ್ಲಿ ರೂಟ್ ಕೆನಾಲ್ ಚಿಕಿತ್ಸೆಯನ್ನು ಆರಂಭಿಸಿ, ವಾರ ಬಿಟ್ಟು ಬರುವಂತೆ ಚೀಟಿ ಕೊಟ್ಟರು. ಅಂದು ರಾತ್ರಿಯೇ ನೋವು ನಿಂತಿತು. ಅವರು ಮತ್ತೆ ಆ ಕಡೆಗೆ ಹೋಗಲಿಲ್ಲ. ದಾರಿಯಲ್ಲಿ ಸಿಕ್ಕಾಗ ನಾನು ವಿಚಾರಿಸಿದ್ದಕ್ಕೆ, "ನೋವೇ ಹೋಯ್ತಲ್ಲ ಡಾಕ್ಟ್ರೇ, ಮತ್ತೆ ಯಾಕೆ ದುಡ್ಡು ಹಾಕೋದು?" ಎಂದು ನಕ್ಕರು. ನಾನೂ ನಕ್ಕು ಮುಂದೆ ನಡೆದೆ. ಇಂದಿಗೂ ಆ ನಗುವನ್ನು ನೆನೆದರೆ ನಾಚಿಕೆಯಾಗುತ್ತದೆ.

ನಾಲ್ಕು ತಿಂಗಳ ತರುವಾಯ ಅವರ ಮಗ ಆಟೋದಲ್ಲಿ ಅವರನ್ನು ಕರೆತಂದ. ದವಡೆಯಿಂದ ಕುತ್ತಿಗೆಯವರೆಗೆ ಗಟ್ಟಿಯಾದ ಬಾವು, ವಿಪರೀತ ಜ್ವರ. ಎಂಜಲು ನುಂಗಲಾಗದು, ಮಾತು ಹೊರಡದು. ಕೆಳದವಡೆಯ ಹಿಂಬದಿಯ ಹಲ್ಲಿನ ಬೇರಿನಲ್ಲಿ ಹುಟ್ಟಿದ ಸೋಂಕು ನಾಲಿಗೆಯ ಅಡಿಗೂ ಕುತ್ತಿಗೆಗೂ ಹರಡಿ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ಅದು ಕಷಾಯ ಕುದಿಸುವ ಹೊತ್ತಲ್ಲ. ಕೂಡಲೇ ಬೌರಿಂಗ್ ಆಸ್ಪತ್ರೆಗೆ ಕರೆದೊಯ್ದೆವು. ಕೀವು ಹೊರತೆಗೆದರು, ಹಲ್ಲನ್ನೂ ಕಿತ್ತರು. ಜೀವ ಉಳಿಯಿತು.

ಅವರಿಗೆ ಚಿಕಿತ್ಸೆ ದೊರೆಯದೆ ಹೀಗಾಗಲಿಲ್ಲ. ಮಾತು ದೊರೆಯದೆ ಹೀಗಾಯಿತು. "ಹಲ್ಲಿನೊಳಗಿನ ನರವನ್ನು ಇವತ್ತು ತೆಗೆದಿದ್ದೇವೆ, ಅದಕ್ಕೇ ನೋವು ನಿಲ್ಲುತ್ತದೆ. ಆದರೆ ಒಳಗಿನ ಟೊಳ್ಳನ್ನು ಪೂರ್ತಿ ಶುದ್ಧ ಮಾಡಿ ತುಂಬಿಲ್ಲ. ಮೇಲೆ ಇಟ್ಟಿರುವುದು ತಾತ್ಕಾಲಿಕ ಸಿಮೆಂಟು. ನೋವಿಲ್ಲವೆಂದು ಬಿಟ್ಟರೆ ಬೇರಿನಲ್ಲಿ ಕೀವಾಗುತ್ತದೆ" ಎಂದು ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ಆ ಚಿಕಿತ್ಸಾಲಯದವರೂ ಕೊಡಲಿಲ್ಲ, ನಾನೂ ಕೊಡಲಿಲ್ಲ.

ದಂತವೈದ್ಯರ ಕೆಲಸದಲ್ಲಿ ಬೇರೆ ವೈದ್ಯರಿಗಿಲ್ಲದ ತೊಡಕೊಂದಿದೆ. ಅವರ ರೋಗಿ ಬಾಯಿ ತೆರೆದು ಮಲಗಿರುತ್ತಾನೆ. ಬಾಯೊಳಗೆ ಕನ್ನಡಿ, ಕೊಳವೆ, ಹತ್ತಿ, ಕಣ್ಣಿಗೆ ದೀಪ. ಆ ಸ್ಥಿತಿಯಲ್ಲಿ ವೈದ್ಯರು ಏನು ಕೇಳಿದರೂ ರೋಗಿಯಿಂದ ಬರುವುದು "ಆಂ, ಊಂ" ಎಂಬ ಸದ್ದು ಮಾತ್ರ. ಅದನ್ನೇ ಒಪ್ಪಿಗೆಯೆಂದು ಭಾವಿಸುವುದುಂಟು. ಆದ್ದರಿಂದ ಕುರ್ಚಿಯನ್ನು ಹಿಂದಕ್ಕೆ ಬಾಗಿಸುವ ಮುನ್ನವೇ ಎದುರು ಕುಳಿತು ಮಾತನಾಡಬೇಕು; ಕೆಲಸ ಮುಗಿದು, ರೋಗಿ ಬಾಯಿ ಮುಕ್ಕಳಿಸಿ ಎದ್ದು ಕುಳಿತ ಮೇಲೆ ಮತ್ತೊಮ್ಮೆ ಮಾತನಾಡಬೇಕು.

ನಮ್ಮ ಚರಕಾಚಾರ್ಯರು ರೋಗಿಯಲ್ಲಿರಬೇಕಾದ ನಾಲ್ಕು ಗುಣಗಳಲ್ಲಿ ಜ್ಞಾಪಕತ್ವವನ್ನೂ ಎಣಿಸಿದ್ದಾರೆ. ಎಂದರೆ ತನಗೇನಾಗುತ್ತಿದೆ ಎಂಬುದನ್ನು ವೈದ್ಯನಿಗೆ ತಿಳಿಸಬಲ್ಲ ಶಕ್ತಿ. ಆದರೆ ಕೇಳುವ ತಾಳ್ಮೆ ವೈದ್ಯನಿಗಿಲ್ಲದಿದ್ದರೆ ರೋಗಿಯ ಆ ಗುಣಕ್ಕೆ ಬೆಲೆಯೇನು? ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ಹಲ್ಲುಜ್ಜುವ ವಿಧಾನವನ್ನು ಹೇಳಿರುವ ರೀತಿಯನ್ನೂ ನೋಡಬೇಕು: ಕಡ್ಡಿಯ ತುದಿಯನ್ನು ಜಜ್ಜಿಕೊಳ್ಳಬೇಕು, ದಿನಕ್ಕೆ ಎರಡು ಸಲ ಉಜ್ಜಬೇಕು, ವಸಡಿಗೆ ನೋವಾಗಬಾರದು. ಯಾವುದರಿಂದ, ಎಷ್ಟು ಸಲ, ಎಷ್ಟು ಮೃದುವಾಗಿ ಎಂಬ ಮೂರೂ ಅಲ್ಲಿವೆ. ಇಂದು ನಾವು ಹೇಳುವುದು "ಚೆನ್ನಾಗಿ ಉಜ್ಜಿ" ಎಂಬ ಎರಡೇ ಶಬ್ದ. ನಮ್ಮ ಹಳ್ಳಿಯ ಹಿರಿಯರಿಗೆ ಚೆನ್ನಾಗಿ ಉಜ್ಜುವುದೆಂದರೆ ಹಿತ್ತಾಳೆಯ ಪಾತ್ರೆಯನ್ನು ತಿಕ್ಕಿದಂತೆ ತಿಕ್ಕುವುದು. ಹಾಗೆ ತಿಕ್ಕಿ ತಿಕ್ಕಿ ವಸಡಿನಂಚಿನಲ್ಲಿ ಹಲ್ಲು ಸವೆದು, ತಣ್ಣೀರು ಕುಡಿದರೆ ಜುಮ್ಮೆನ್ನುವವರು ಎಷ್ಟೋ ಮಂದಿ. ವೈದ್ಯರ ಮಾತನ್ನು ಅವರು ಅಕ್ಷರಶಃ ಪಾಲಿಸಿದ್ದಾರೆ, ಪಾಪ!

ಹೇಳದೆ ಉಳಿದ ಜಾಗದಲ್ಲಿ ಮೂಢನಂಬಿಕೆ ಬೆಳೆಯುತ್ತದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆ ಎಂಬ ಮಾತನ್ನು ಈಗಲೂ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಅದು ಸುಳ್ಳು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ಇನ್ನೊಂದು. ಗಟ್ಟಿಯಾಗಿ ಕಟ್ಟಿದ ಪಾಚಿ ಹಲ್ಲುಗಳ ಸಂದಿಯನ್ನು ತುಂಬಿಕೊಂಡಿರುತ್ತದೆ. ಅದನ್ನು ತೆಗೆದಾಗ ಸಂದಿ ಬಯಲಾಗಿ, ವಸಡಿನ ರೋಗದಿಂದ ಮೊದಲೇ ಆಗಿದ್ದ ಸಡಿಲ ಅನುಭವಕ್ಕೆ ಬರುತ್ತದೆ. ಇದನ್ನು ಮೊದಲೇ ಹೇಳಿದ ವೈದ್ಯರನ್ನು ರೋಗಿ ನಂಬುತ್ತಾನೆ. ಆಮೇಲೆ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ. ಈ ಭಯಕ್ಕೆ ನೀರೆರೆಯುವ ನಮ್ಮ ಆಯುರ್ವೇದದ ಬಂಧುಗಳಿಗೂ ಒಂದು ಮಾತು. ಎಳ್ಳೆಣ್ಣೆಯ ಗಂಡೂಷವನ್ನು ನಾನೂ ಹೇಳುತ್ತೇನೆ. ಒಣಗಿದ ಬಾಯಿಗೆ ಅದು ಹಿತ. ಆದರೆ ಹುಳುಕಿನಿಂದಾದ ಕುಳಿಯನ್ನು ಯಾವ ಎಣ್ಣೆಯೂ ತುಂಬಲಾರದು. ಅದನ್ನು ರೋಗಿಗೆ ಹೇಳದಿರುವುದು ಶಾಸ್ತ್ರಕ್ಕೂ ಅಪಚಾರ.

ಬೈಗುಳದ ವಿಷಯವನ್ನೂ ಹೇಳಲೇಬೇಕು. ಅಡಿಕೆ, ತಂಬಾಕು ಅಗಿಯುವವರ ಬಾಯಿ ಕ್ರಮೇಣ ಬಿಗಿದು, ಮೂರು ಬೆರಳು ಹೋಗುತ್ತಿದ್ದಲ್ಲಿ ಒಂದೇ ಬೆರಳು ಹೋಗುವಂತಾಗುತ್ತದೆ. ಇದು ಮುಂದೆ ಕ್ಯಾನ್ಸರ್ ಆಗಬಹುದಾದ ಸ್ಥಿತಿ. ಅಂಥವರನ್ನು ಎಲ್ಲರೆದುರು ಗದರಿಸಿದರೆ ಅವರು ಗುಟ್ಕಾ ಬಿಡುವುದಿಲ್ಲ, ವೈದ್ಯರನ್ನು ಬಿಡುತ್ತಾರೆ. ಕೈಗೆ ಕನ್ನಡಿ ಕೊಟ್ಟು, ಕೆನ್ನೆಯ ಒಳಭಾಗದ ಬಿಳುಪನ್ನು ಅವರ ಕಣ್ಣಿಗೇ ತೋರಿಸಿ, ಮುಂದಿನ ತಿಂಗಳು ಮತ್ತೆ ಬೆರಳಿಟ್ಟು ಅಳೆಯೋಣ ಬನ್ನಿ ಎಂದರೆ ಬರುತ್ತಾರೆ.

ಸಮಯವೆಲ್ಲಿದೆ ಎಂದು ದಂತವೈದ್ಯ ಮಿತ್ರರು ಕೇಳುತ್ತಾರೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ 1958ರಿಂದ ನಡೆದುಬಂದಿರುವ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂತಹ ಕಡೆಗಳಲ್ಲಿನ ಜನಸಂದಣಿಯನ್ನು ಬಲ್ಲವನಾದ್ದರಿಂದ ಆ ಕಷ್ಟವನ್ನು ಒಪ್ಪುತ್ತೇನೆ. ಖಾಸಗಿಯವರ ಕಷ್ಟ ಬೇರೆ. ಖರ್ಚಿನ ಮಾತು ಬಂದೊಡನೆ ರೋಗಿ ಸಂಶಯದಿಂದ ನೋಡುತ್ತಾನೆ. ಆದರೆ ಆ ಸಂಶಯ ಹುಟ್ಟುವುದೂ ಹಣದ ಅಂಕಿಯೊಂದು ಮಾತ್ರ ಅವನಿಗೆ ಅರ್ಥವಾಗುವ ಭಾಷೆಯಲ್ಲಿದ್ದು, ಉಳಿದುದೆಲ್ಲ ಇಂಗ್ಲಿಷಿನಲ್ಲಿರುವುದರಿಂದ.

ನಮ್ಮ ಸದ್ಭಕ್ತರಲ್ಲಿ ವಯೋವೃದ್ಧರು ಬಹಳ. ದಂತಭಾಗ್ಯ ಯೋಜನೆಯಲ್ಲಿ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ದೊರೆಯುತ್ತದೆ. ಒಳ್ಳೆಯ ಯೋಜನೆ. ಆದರೆ ಸೆಟ್ಟು ಸಿಕ್ಕವರಲ್ಲಿ ಕೆಲವರು ಅದನ್ನು ಡಬ್ಬಿಯಲ್ಲಿಟ್ಟು, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಣ್ಣುವುದನ್ನು ಕಂಡಿದ್ದೇನೆ. ಮೊದಲ ವಾರಗಳಲ್ಲಿ ಒತ್ತುವುದು ಸಹಜ, ಹುಣ್ಣಾದಲ್ಲಿ ವೈದ್ಯರು ಉಜ್ಜಿ ಸರಿಮಾಡಿಕೊಡುತ್ತಾರೆ, ಮೊದಲು ಮೆತ್ತಗಿನ ಅನ್ನದಿಂದ ಅಭ್ಯಾಸ ಮಾಡಬೇಕು, ರಾತ್ರಿ ತೆಗೆದು ನೀರಿನಲ್ಲಿಡಬೇಕು ಎಂಬುದನ್ನು ಸೆಟ್ಟಿನ ಜೊತೆಗೇ ಕೊಡಬೇಕಿತ್ತು.

ವೈದ್ಯರು ಹೇಳದಿದ್ದರೆ ತಾವಾದರೂ ಕೇಳಿರಿ. ನನ್ನ ಹಲ್ಲಿಗೆ ಏನಾಗಿದೆ, ಎಷ್ಟು ಸಲ ಬರಬೇಕು, ನಡುವೆ ಬಿಟ್ಟರೆ ಏನಾಗುತ್ತದೆ, ಇದಕ್ಕಿಂತ ಕಡಿಮೆ ಖರ್ಚಿನ ಬೇರೆ ದಾರಿ ಇದೆಯೇ ಎಂದು ಕೇಳುವುದು ಉದ್ಧಟತನವಲ್ಲ. ಕೇಳಿದ್ದನ್ನು ನಿಮ್ಮದೇ ಮಾತಿನಲ್ಲಿ ಅವರ ಎದುರೇ ಒಮ್ಮೆ ಹೇಳಿನೋಡಿ. ತಪ್ಪಿದ್ದರೆ ಅಲ್ಲಿಯೇ ತಿದ್ದುತ್ತಾರೆ. ನಾನೂ ಈಗ ಔಷಧ ಕೊಟ್ಟ ಮೇಲೆ, ಮನೆಗೆ ಹೋಗಿ ಏನೆಂದು ಹೇಳುತ್ತೀರಿ ಎಂದು ಪ್ರತಿಯೊಬ್ಬರನ್ನೂ ಕೇಳುವ ರೂಢಿ ಇಟ್ಟುಕೊಂಡಿದ್ದೇನೆ. ಅವರ ಉತ್ತರದಿಂದ ನಾನು ಹೇಳಿದ್ದು ಎಷ್ಟು ಕೆಟ್ಟದಾಗಿತ್ತೆಂದು ತಿಳಿಯುತ್ತದೆ.

ಬಾಳೆಹಣ್ಣಿನ ಆ ವ್ಯಾಪಾರಿ ಈಗ ಆರೋಗ್ಯವಾಗಿದ್ದಾರೆ. ಕಳೆದ ತಿಂಗಳು ಪಕ್ಕದಲ್ಲಿ ಹೂ ಮಾರುವ ಅಮ್ಮನೊಬ್ಬರನ್ನು ಬಲವಂತವಾಗಿ ನನ್ನಲ್ಲಿಗೆ ಕರೆತಂದರು. ಏನು ತೊಂದರೆಯೆಂದು ಕೇಳಿದೆ. "ಹದಿನೈದು ದಿನ ಹಲ್ಲುನೋವು ಅಂತಿದ್ರು ಡಾಕ್ಟ್ರೇ. ನಿನ್ನೆ ನೋವು ನಿಂತೋಯ್ತಂತೆ. ಅದಕ್ಕೇ ಕರ್ಕೊಂಡು ಬಂದೆ" ಎಂದರು.